ನಾಟಿಯ ದಿನ ಬಿದ್ದ ಪರೀಕ್ಷೆ

ಆ ಜನವರಿಯಲ್ಲಿ ಹೆದರಿದಷ್ಟು ನಾನು ನನ್ನ ಹೆರಿಗೆಯಲ್ಲೂ ಹೆದರಿರಲಿಲ್ಲ. ಹೆದರುವುದು ನನಗೆ ಹೊಸದೇನೂ ಅಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸು ಬರುವವರ ಪೈಕಿ ನಾನು. ಸತ್ಯನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತು. ನನ್ನ ಗಂಡನಂತೂ ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಈ ಸುದ್ದಿಯನ್ನೂ ಕೊಡುತ್ತಾರೆ. ಆದರೆ ಆ ಸಲದ ಹೆದರಿಕೆ ಬೇರೆಯವರ ಬದುಕಿನದು. ನಾನು ಆರಿಸಿಕೊಟ್ಟ ಒಂದು ತಾರೀಖಿನ ಮೇಲೆ ಒಬ್ಬ ಹುಡುಗಿಯ ಮುಂದಿನ ಓದು ಪೂರ್ತಿ ನಿಂತಿತ್ತು.

ನಾನು ಕುರುಗೋಡಿನ ಪಿಯು ಕಾಲೇಜಿನಲ್ಲಿ ಗಣಿತ ಹೇಳುತ್ತೇನೆ, ದಿನಾ ಬಳ್ಳಾರಿಯಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಹುಡುಗಿ ಎರಡನೇ ವರ್ಷದಲ್ಲಿದ್ದಳು, ಅಲ್ಲಿಯ ಹಾಸ್ಟೆಲಿನಲ್ಲಿದ್ದಳು. ಅವಳ ಊರು ಸಿರುಗುಪ್ಪದಿಂದಾಚೆ, ಕಾಲುವೆಯ ನೀರು ಎಲ್ಲರಿಗಿಂತ ಕೊನೆಗೆ ತಲುಪುವ ಒಂದು ಹಳ್ಳಿ. ಅವಳಿಗೆ ಹೊರರಾಜ್ಯದ ಒಂದು ಹೆಸರುವಾಸಿ ಕಾಲೇಜಿನಲ್ಲಿ ಗಣಿತವನ್ನೇ ಓದುವ ಆಸೆ. ಆ ಕಾಲೇಜಿನವರು ಎರಡು ಸುತ್ತಿನಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆ. ಫೀಸು, ವಸತಿ, ಊಟ ಎಲ್ಲ ಸೇರಿದ ಪೂರ್ಣ ವಿದ್ಯಾರ್ಥಿವೇತನ ಸಿಗುವುದು ಮೊದಲ ಸುತ್ತಿನಲ್ಲಿ ಮಾತ್ರ, ಮತ್ತು ಅದಿಲ್ಲದೆ ಅವಳು ಅಲ್ಲಿಗೆ ಹೋಗುವ ಮಾತೇ ಇರಲಿಲ್ಲ. ಅರ್ಜಿಯ ಜೊತೆಗೆ ಕಂಪ್ಯೂಟರಿನಲ್ಲಿ ಬರೆಯುವ ಒಂದು ಸಾಮರ್ಥ್ಯ ಪರೀಕ್ಷೆಯ ಅಂಕ ಬೇಕು. ಫೆಬ್ರುವರಿಯ ಮೊದಲ ವಾರದೊಳಗೆ ಅಂಕ ಅವರನ್ನು ಮುಟ್ಟದಿದ್ದರೆ ಅರ್ಜಿಯನ್ನು ತೆರೆದೂ ನೋಡುವುದಿಲ್ಲ.

ಇಂಥ ಅರ್ಜಿಗಳಲ್ಲಿ ನಾನು ಪಾಲಿಸುವ ಕ್ರಮವೆಂದರೆ ಕಡೆಯ ದಿನದಿಂದ ಹಿಂದಕ್ಕೆ ಎಣಿಸುತ್ತ ಬರುವುದು. ಅಂಕ ಹೊರಬೀಳಲು ಹೆಚ್ಚುಕಡಿಮೆ ಎರಡು ವಾರ. ಅದು ಕಾಲೇಜಿನವರ ಕಂಪ್ಯೂಟರಿಗೆ ತಲುಪಲು ಮತ್ತೆ ಎರಡು ಮೂರು ದಿನ. ನಡುವೆ ಹಬ್ಬ, ರಜೆ, ಸರ್ವರಿನ ಮುನಿಸು ಇವಕ್ಕೆಲ್ಲ ಒಂದಿಷ್ಟು ಜಾಗ ಬಿಡಬೇಕು. ಉಳಿದವರಿಗಾದರೆ ನವೆಂಬರಿನಲ್ಲಿ ಒಮ್ಮೆ ಬರೆಸಿ, ಅಂಕ ಸಾಲದಿದ್ದರೆ ಡಿಸೆಂಬರಿನಲ್ಲಿ ಇನ್ನೊಮ್ಮೆ ಕೂರಿಸುತ್ತೇನೆ. ಈಕೆಗೆ ಪರೀಕ್ಷೆಯ ಶುಲ್ಕ ಮಾಫಿಯಾಗಿತ್ತು, ಆದರೆ ಮಾಫಿ ಒಂದೇ ಸಲಕ್ಕೆ. ಒಂದೇ ತಾರೀಖನ್ನು ಆರಿಸಬೇಕು. ಬೇಗ ಬರೆಸಿದರೆ ತಯಾರಿ ಸಾಲದು. ತಡವಾಗಿ ಬರೆಸಿದರೆ ಏನಾದರೂ ಎಡವಟ್ಟಾದಾಗ ಸರಿಪಡಿಸಲು ದಿನಗಳೇ ಉಳಿಯುವುದಿಲ್ಲ.

ಭಾನುವಾರಗಳಂದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಅವಳಿಂದ ಮಾದರಿ ಪರೀಕ್ಷೆ ಬರೆಸುತ್ತಿದ್ದೆ. ನಿಜವಾದ ಪರೀಕ್ಷೆ ಯಾವ ಹೊತ್ತಿಗೋ ಅದೇ ಹೊತ್ತಿಗೆ, ನಡುವೆ ನೀರು ಕುಡಿಯಲೂ ಏಳಬಾರದು. ಗಣಿತದ ಭಾಗ ಅವಳಿಗೆ ಆಟ. ಇಂಗ್ಲಿಷಿನ ಉದ್ದನೆಯ ಪ್ಯಾರಾಗಳು ಬಂದಾಗ ಸಿಕ್ಕಿಬೀಳುತ್ತಿದ್ದಳು. ಒಂದು ಪ್ರಶ್ನೆ ಕೈಗೆ ಹತ್ತದಿದ್ದರೆ ಅದನ್ನು ಬಿಟ್ಟು ಏಳುತ್ತಲೇ ಇರಲಿಲ್ಲ. "ಬಿಟ್ಟು ಮುಂದಕ್ಕ ಹೋಗವ್ವಾ" ಎಂದರೆ, "ಅದು ಪಾಪ ಹಂಗ ಉಳೀತೈತಲ್ರಿ ಮೇಡಂ" ಅನ್ನುತ್ತಿದ್ದಳು. ನವೆಂಬರಿನಲ್ಲಿ ಬರೆಸಿದ್ದರೆ ಸೋಲುತ್ತಿದ್ದಳು. ಡಿಸೆಂಬರಿನ ಹೊತ್ತಿಗೆ ಬಿಡುವುದನ್ನು ಕಲಿತಳು, ವಾರದಿಂದ ವಾರಕ್ಕೆ ಅಂಕ ಏರತೊಡಗಿತು. ಹಾಗಾಗಿ ನಮ್ಮ ಲೆಕ್ಕಕ್ಕೆ ಒದಗುವ ಕಟ್ಟಕಡೆಯ ತಾರೀಖನ್ನೇ ಹಿಡಿದೆ. ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ, ಬೆಳಗಿನ ಪಾಳಿ, ಬಳ್ಳಾರಿ ಊರ ಹೊರಗಿನ ಕೇಂದ್ರ. ತಾರೀಖು ಒತ್ತಿ ಖಚಿತಪಡಿಸುವ ಮೊದಲು ನಾನು ಅದನ್ನು ಮೂರು ಸಲ ಓದಿದ್ದನ್ನು ನೋಡಿ ಅವಳು ನಕ್ಕಳು.

ಹಬ್ಬಕ್ಕೆ ಊರಿಗೆ ಹೋದವಳು ಪರೀಕ್ಷೆಯ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಅವ್ವನ ಫೋನಿನಿಂದ ಮಾತಾಡಿದಳು. ನಾನು ಒಲೆಯ ಮುಂದಿದ್ದೆ.

"ಮೇಡಂ, ನಾಳಿ ಪರೀಕ್ಷಾಕ್ಕ ಬರಾಕ ಆಗಂಗಿಲ್ರಿ."

ಒಲೆ ಆರಿಸಿದೆ. ಏನಾಯಿತು, ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಿದೆ. ಯಾರಿಗೂ ಏನೂ ಆಗಿರಲಿಲ್ಲ. ಎರಡನೇ ಬೆಳೆಯ ನೀರು ಇನ್ನೊಂದು ವಾರಕ್ಕೆ ಬರುತ್ತದೆ ಎಂದುಕೊಂಡಿದ್ದವರಿಗೆ ಹಿಂದಿನ ಸಂಜೆಯೇ ಕಾಲುವೆ ತುಂಬಿ ಬಂದಿತ್ತು. ಪಕ್ಕದ ಗದ್ದೆಯವರು ಭಾನುವಾರವೇ ನಾಟಿ ಎಂದು ತೀರ್ಮಾನಿಸಿದ್ದರು.

"ಅವ್ರ ಮನ್ಯಾಗಿಂದ ಅತ್ತಿ ಸೊಸಿ ಇಬ್ರೂ ಮೊನ್ನಿ ಕೊಯ್ಲಿಗಿ ನಮ್ಮ ಗದ್ದಿಗಿ ಬಂದಿದ್ರು. ನಮ್ಮನ್ಯಾಗಿಂದನೂ ಇಬ್ರು ಹೋಗಬೇಕ್ರಿ. ಅವ್ವ ಮತ್ತ ನಾನು."

ಮುಯ್ಯಾಳಿನ ಪದ್ಧತಿ ನನಗೂ ಕೇಳಿ ಗೊತ್ತಿತ್ತು. ನೀನು ಒಂದು ದಿನ ನನ್ನ ಗದ್ದೆಗೆ ಬಂದು ದುಡಿದರೆ, ನಾನು ಒಂದು ದಿನ ನಿನ್ನ ಗದ್ದೆಗೆ ಬಂದು ದುಡಿಯಬೇಕು. ಕೂಲಿ ಮಾತಿಲ್ಲ, ಕೈಗೆ ಕೈ. ನಾಟಿ ಹೆಂಗಸರ ಕೆಲಸವಾದ್ದರಿಂದ ಅವಳ ಅಪ್ಪ ಗದ್ದೆಯನ್ನು ಕೆಸರು ಮಾಡಿಕೊಡಬಹುದೇ ಹೊರತು ಸಸಿ ಹಚ್ಚುವ ಸಾಲಿನಲ್ಲಿ ಅವನ ಲೆಕ್ಕವಿಲ್ಲ. ಪರೀಕ್ಷೆಯ ತಾರೀಖನ್ನು ಆ ಘಳಿಗೆಯಲ್ಲಿ ಬದಲಿಸುವಂತಿರಲಿಲ್ಲ; ಬದಲಿಸಿದರೂ ಅಂಕ ಕಡೆಯ ದಿನ ದಾಟಿಯೇ ಬರುತ್ತಿತ್ತು. ನಾನು ಹಬ್ಬ, ರಜೆ, ಸರ್ವರು ಎಲ್ಲಕ್ಕೂ ಜಾಗ ಬಿಟ್ಟಿದ್ದೆ. ಕಾಲುವೆಯ ನೀರಿಗೆ ಬಿಟ್ಟಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ಆಟೊ ಹಿಡಿದು ಅವಳ ಹಳ್ಳಿ ಸೇರಿದೆ. ದಾರಿಯುದ್ದಕ್ಕೂ ಎರಡೂ ಕಡೆ ಗದ್ದೆಗಳಲ್ಲಿ ನೀರು ನಿಂತು ಹೊಳೆಯುತ್ತಿತ್ತು. ಆ ನೀರನ್ನೇ ಬೈದುಕೊಳ್ಳುತ್ತ ಹೋದೆ.

ಪಕ್ಕದ ಗದ್ದೆಯ ಯಜಮಾನಿ ತಮ್ಮ ಮನೆಯ ಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕುಳಿತಿದ್ದರು. ವಯಸ್ಸಾದ, ಗಟ್ಟಿ ದನಿಯ ಹೆಂಗಸು. ಹುಡುಗಿ ಮತ್ತು ಅವಳ ಅವ್ವ ನನ್ನ ಹಿಂದೆ ನಿಂತರು. ನಾನು ಪರೀಕ್ಷೆ, ಅಂಕ, ಕಡೆಯ ದಿನ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಲೆದೂಗುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಹುಡುಗಿ ಓದೋದು ಚಲೋನ ಐತ್ರಿ. ನಾ ಬ್ಯಾಡ ಅನ್ನಂಗಿಲ್ಲ. ನನಗ ಇನ್ನೊಂದ್ ಕೈ ತೋರಸ್ರಿ, ಸಾಕು" ಅಂದರು.

"ಕೂಲಿ ಆಳು ಯಾರಾದ್ರೂ..." ಎಂದೆ.

"ಎಲ್ಲದಾರ? ನೀರ್ ಬಂದ ಮ್ಯಾಲ ಊರಾಗ ಖಾಲಿ ಕೈ ಎಲ್ಲಿರ್ತೈತಿ? ಸಸಿ ಆಗ್ಲೇ ಬಲತು ನಿಂತಾವ. ನಾಳಿ ತಪ್ಪಿದ್ರ ನೀರು ಮುಂದಿನ ಪಾಳಿಗಿ ಹೋಗ್ತೈತಿ."

ಹುಡುಗಿಯ ಅವ್ವ ನನ್ನ ಕಿವಿಯ ಬಳಿ ಮೆಲ್ಲಗೆ ಹೇಳಿದರು: "ನಾ ಈಗ ತಪ್ಪಿದ್ರ ಮುಂದಿನ ಬೆಳಿಗಿ ನನ್ನ ಗದ್ದಿಗಿ ಯಾರೂ ಕಾಲಿಡಂಗಿಲ್ರಿ, ಮೇಡಂ. ಈಕಿನ್ನ ಕರಕೊಂಡು ಹೋಗ್ರಿ ಅಂತ ನಾ ಹೆಂಗ ಅನ್ಲಿ? ಹೋಗಬ್ಯಾಡ ಅಂತ ಹೆಂಗ ಅನ್ಲಿ?"

ಹುಡುಗಿ ನೆಲ ನೋಡುತ್ತಿದ್ದಳು. "ಅವ್ವನ್ನ ಒಬ್ಬಾಕಿನ್ನ ಬಿಟ್ಟು ನಾ ಬರಂಗಿಲ್ರಿ" ಅಂದಳು. ಹಠದ ದನಿಯಲ್ಲ, ಬರೀ ಇದ್ದದ್ದನ್ನು ಹೇಳಿದಂತೆ.

ಮುಂದಿನ ಮಾತು ನನ್ನ ಬಾಯಿಂದ ಹೇಗೆ ಬಂತೋ ನನಗಿನ್ನೂ ಗೊತ್ತಿಲ್ಲ. "ಹಂಗಾರ ಆಕಿ ಬದ್ಲಿ ನಾ ಬರ್ತೀನ್ರಿ" ಅಂದುಬಿಟ್ಟೆ.

ಕಟ್ಟೆಯ ಸುತ್ತ ನಿಂತಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಯಜಮಾನಿ ನಗಲಿಲ್ಲ. ನನ್ನ ಕೈ ನೋಡಿದರು, ಸೀರೆ ನೋಡಿದರು, ಕನ್ನಡಕ ನೋಡಿದರು. "ಮುಯ್ಯಿ ಅಂದ್ರ ಆ ಮನಿಯಾಕಿನ ಬಂದು ತೀರಸಬೇಕ್ರಿ. ನೀವು ಅವ್ರ ಮನಿಯಾಕಿ ಅಲ್ಲಲ್ಲ."

"ಅಲ್ಲ ಅಂತ ಯಾರಂದ್ರು?" ಹುಡುಗಿಯ ಅವ್ವ ಮುಂದೆ ಬಂದು ನನ್ನ ತೋಳು ಹಿಡಿದುಕೊಂಡರು. ಅಷ್ಟು ಹೊತ್ತು ಪಿಸುಮಾತಿನಲ್ಲಿದ್ದವರು ಈಗ ಓಣಿಗೆಲ್ಲ ಕೇಳುವಂತೆ ಹೇಳಿದರು. "ನಾಳಿ ಒಂದಿನ ಈಕಿ ನನ್ನ ತಂಗಿ. ನನ್ನ ತಂಗಿ ನನ್ನ ಮುಯ್ಯಿ ತೀರಸ್ತಾಳ. ಏನೀಗ?"

ಯಜಮಾನಿ ಸ್ವಲ್ಪ ಹೊತ್ತು ಅಡಿಕೆ ಅಗಿದರು. "ಆತು, ಬರ್ಲಿ. ಹಾವು ಅಂತ ಚೀರಾಡಿ ನನ್ನ ಸಸಿ ತುಳದ್ರ ಮಾತ್ರ ಸುಮ್ನಿರಂಗಿಲ್ಲ ನೋಡವ್ವಾ."

"ಹಾವು ಇರ್ತಾವೇನ್ರಿ?" ಎಂದು ಕೇಳಿದೆ. ಹೆಂಗಸರು ಮತ್ತೆ ನಕ್ಕರು.

ಸಂಜೆಯ ಬಸ್ಸಿಗೆ ಹುಡುಗಿಯನ್ನು ಹತ್ತಿಸಿದೆವು. ಪ್ರವೇಶಪತ್ರ, ಆಧಾರ್, ಎರಡು ಪೆನ್ನು, ನೀರಿನ ಬಾಟಲಿ ಎಲ್ಲವನ್ನೂ ನಾನೇ ಚೀಲದಿಂದ ತೆಗೆದು ನೋಡಿ ಮತ್ತೆ ಇಟ್ಟೆ. ಬಳ್ಳಾರಿಯಲ್ಲಿ ನನ್ನ ಗಂಡ ಬಸ್‌ಸ್ಟ್ಯಾಂಡಿಗೆ ಬರುವುದೆಂದೂ, ಮನೆಯಲ್ಲಿ ನಮ್ಮ ಅತ್ತೆಯ ಜೊತೆ ಅವಳು ಮಲಗುವುದೆಂದೂ ಮಾತಾಯಿತು. ಫೋನಿನಲ್ಲಿ ನನ್ನ ಗಂಡನಿಗೆ ನಗು ತಡೆಯಲಾಗುತ್ತಿರಲಿಲ್ಲ. "ನೀನು ಗದ್ದಿಗಿ ಇಳೀತೀ? ಲೇ, ಬಚ್ಚಲದಾಗ ಜಿರಳಿ ಕಂಡ್ರ ಓಣಿ ಕೂಡಸಾಕಿ ನೀನು!" ನನಗೆ ಅಳು ಬರುವಂತಿತ್ತು, ಹಾಗಾಗಿ ಬೈದು ಫೋನಿಟ್ಟೆ.

ಭಾನುವಾರ ಬೆಳಿಗ್ಗೆ ಹುಡುಗಿಯ ಅವ್ವ ತಮ್ಮ ಹಳೆಯ ಸೀರೆ ಉಡಿಸಿ, ನೆರಿಗೆಯನ್ನು ಮೊಣಕಾಲಿನವರೆಗೆ ಎತ್ತಿ ಬಿಗಿಯಾಗಿ ಕಟ್ಟಿಕೊಟ್ಟರು. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬದುವಿನ ಮೇಲಿನ ಜಾಲಿ ಗಿಡಕ್ಕೆ ತೂಗುಹಾಕಿದೆ. ಕೆಸರಿಗೆ ಕಾಲಿಟ್ಟಾಗ ತಣ್ಣಗೆ ಒಳಕ್ಕೆ ಎಳೆದುಕೊಂಡಂತಾಯಿತು. ಕಾಲಿಗೆ ಏನೋ ತಾಗಿತೆಂದು ಎರಡು ಸಲ ಹಾರಿಬಿದ್ದೆ, ಎರಡು ಸಲವೂ ಅದು ಹಿಂದಿನ ಬೆಳೆಯ ಕೂಳೆ. ನಾಟಿಯವರು ಹಿಂದಕ್ಕೆ ಸರಿಯುತ್ತ ಹೋಗುತ್ತಾರೆ, ಹಚ್ಚಿದ ಸಸಿ ಮುಂದೆ ಉಳಿಯುತ್ತದೆ. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈಯ ಬೆರಳಿನಿಂದ ಮೂರ್ನಾಲ್ಕು ಸಸಿ ಬಿಡಿಸಿ ಕೆಸರಿಗೆ ಊರಬೇಕು. ಹೆಚ್ಚು ಆಳಕ್ಕಿಳಿದರೆ ಕೊಳೆಯುತ್ತದೆ, ಮೇಲೆ ನಿಂತರೆ ತೇಲಿಬಿಡುತ್ತದೆ. ನನ್ನವು ತೇಲುತ್ತಿದ್ದವು. ಹುಡುಗಿಯ ಅವ್ವ ತಮ್ಮ ಸಾಲಿನ ಜೊತೆಗೆ ನನ್ನ ಸಾಲಿನ ಅರ್ಧವನ್ನೂ ಮಾತಿಲ್ಲದೆ ಹಚ್ಚುತ್ತ ಬಂದರು. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ: ಈಗ ಒಳಗೆ ಬಿಟ್ಟಿರುತ್ತಾರೆ, ಈಗ ಕಂಪ್ಯೂಟರಿನ ಮುಂದೆ ಕೂತಿರುತ್ತಾಳೆ, ಈಗ ಮೊದಲ ಪ್ಯಾರಾ ಬಂದಿರುತ್ತದೆ.

ಜಾಲಿ ಗಿಡದಲ್ಲಿ ಫೋನು ಹೊಡೆದುಕೊಂಡಿತು.

ಹೊಡೆದುಕೊಳ್ಳಬಾರದಿತ್ತು. ಎಲ್ಲ ಸರಿಯಿದ್ದರೆ ಆ ಹೊತ್ತಿಗೆ ಯಾರೂ ಫೋನು ಮಾಡುವ ಕಾರಣವೇ ಇರಲಿಲ್ಲ. ಓಡಲು ಹೋಗಿ ಮುಗ್ಗರಿಸಿ ಬಿದ್ದೆ. ಹುಡುಗಿಯ ಅವ್ವ ನನ್ನನ್ನು ಎತ್ತಿ, ತಾವೇ ಹೋಗಿ ಫೋನು ತಂದು, ಒತ್ತಿ, ನನ್ನ ಕಿವಿಗೆ ಹಿಡಿದರು.

ಗಂಡನ ದನಿಯಲ್ಲಿ ನಗುವಿರಲಿಲ್ಲ. "ಪರೀಕ್ಷಾ ಚಾಲೂನ ಆಗಿಲ್ಲ. ಸರ್ವರ್ ಬರವಲ್ದಂತ. ಎಲ್ಲಾರನ್ನೂ ಅಂಗಳದಾಗ ಕುಂಡ್ರಿಸ್ಯಾರ."

"ಏನಂತಾರ ಮತ್ತ?"

"ತಾರೀಖು ಬದ್ಲಿ ಮಾಡ್ಕೋತೀವಿ ಅಂತ ಸಹಿ ಮಾಡಿದವ್ರಿಗಿ ಮುಂದಿನ ವಾರ ಸೀಟು ಖಾತ್ರಿ ಅಂತ. ಸಹಿ ಮಾಡದಿದ್ದವ್ರು ಇಲ್ಲೇ ಕಾಯಬಹುದು. ಮಧ್ಯಾಹ್ನ ಸರಿ ಆದ್ರ ಬರೀಬಹುದು. ಆಗ್ದಿದ್ರ ಮುಂದ ಯಾವಾಗ ಅಂತ ಹೇಳಾಕ ಬರಂಗಿಲ್ಲ ಅಂತಾರ. ಭಾಳ ಮಂದಿ ಸಹಿ ಮಾಡಿ ಹೊಂಟ್ರು. ನಾ ಏನ್ ಮಾಡ್ಲಿ? ಈಕಿ ನಿನ್ನನ್ನ ಕೇಳು ಅಂತಾಳ."

ಅದು ಕಷ್ಟದ ಲೆಕ್ಕವಲ್ಲ. ಮುಂದಿನ ವಾರ ಬರೆದರೆ ಅಂಕ ಬರುವುದು ಮೊದಲ ಸುತ್ತು ಮುಗಿದ ಮೇಲೆ. ಖಾತ್ರಿಯ ಸೀಟಿನಲ್ಲಿ ಕೂತು, ಚೆನ್ನಾಗಿ ಬರೆದು, ಕಾಲೇಜು ಕಳೆದುಕೊಳ್ಳುವ ದಾರಿ ಅದು. ಕಾಯುವುದರಲ್ಲಿ ಒಂದು ಆಸೆಯಿತ್ತು, ಆದರೆ ಮಧ್ಯಾಹ್ನವೂ ಸರಿಹೋಗದಿದ್ದರೆ ಇದ್ದ ಒಂದೇ ಮಾಫಿಯ ಅವಕಾಶ ಮತ್ತೆ ಯಾವಾಗ ಸಿಕ್ಕೀತೆಂದು ಹೇಳುವವರಿರಲಿಲ್ಲ. ಎರಡನೇ ಸುತ್ತಿಗೂ, ಬೇರೆ ಕಾಲೇಜುಗಳಿಗೂ ಈ ಅಂಕವೇ ಬೇಕಿತ್ತು. ಲೆಕ್ಕಕ್ಕೆ ಅಂಜಿಕೆ ಇರುವುದಿಲ್ಲ, ಉತ್ತರ ಹೇಳಬೇಕಾದ ಬಾಯಿಗೆ ಇರುತ್ತದೆ. ನನ್ನ ಮಗಳಾಗಿದ್ದರೆ ಸಹಿ ಮಾಡಿಸುತ್ತಿದ್ದೆನೇನೋ. ಮನೆಯವರು ನಾಲ್ಕು ದಿನ ಬೇಸರಪಟ್ಟು ಬೇರೆ ದಾರಿ ಹುಡುಕಿಕೊಳ್ಳುತ್ತಿದ್ದೆವು. ಈ ಮನೆಯವರಿಗೆ ಬೇರೆ ದಾರಿಯಿರಲಿಲ್ಲ.

ಫೋನು ಹಿಡಿದು ನಿಂತಿದ್ದ ತಾಯಿಯನ್ನು ನೋಡಿದೆ. ಎಲ್ಲವೂ ಅವರಿಗೆ ಕೇಳಿಸಿತ್ತು. ಅವರು ಏನಾದರೂ ಹೇಳಲಿ ಎಂದು ನಾನು ಕಾದೆ, ನಿಜ ಹೇಳಬೇಕೆಂದರೆ ಬೇಡಿಕೊಂಡೆ. "ನನಗ ಇದು ತಿಳಿಯಂಗಿಲ್ರಿ," ಎಂದಷ್ಟೇ ಅಂದರು. "ನೀವು ಹೇಳಿದ್ದ ಆಗ್ಲಿ."

"ಆಕಿ ಕೈಗಿ ಕೊಡ್ರಿ" ಎಂದು ಗಂಡನಿಗೆ ಹೇಳಿದೆ. ಹುಡುಗಿ "ಮೇಡಂ" ಅಂದಳು. "ಸಹಿ ಮಾಡಬ್ಯಾಡ. ಅಲ್ಲೇ ಕುಂದ್ರು. ಏನಾದ್ರೂ ತಿನ್ನು, ನೆರಳಾಗ ಕುಂದ್ರು, ಕರದ ಕೂಡಲೇ ಒಳಗ ಹೋಗು" ಎಂದೆ. "ಹೂನ್ರಿ" ಅಂದಳು. ಅಷ್ಟರಲ್ಲಿ ಲೈನು ಹೋಯಿತು.

ಆಮೇಲೆ ಎಷ್ಟು ಸಲ ಒತ್ತಿದರೂ ಗಂಡನ ಫೋನು ಹತ್ತುತ್ತಿರಲಿಲ್ಲ. ಬದುವಿನ ಮೇಲೆ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಹಂಚಿದರು. ನಾನು ರೊಟ್ಟಿಯನ್ನು ಕೈಯಲ್ಲಿ ಹಿಡಿದು ಫೋನನ್ನೇ ನೋಡುತ್ತ ಕೂತೆ. ಮತ್ತೆ ಗದ್ದೆಗಿಳಿದಾಗ ನನ್ನ ಸಸಿಗಳು ಬೆಳಿಗ್ಗೆಗಿಂತ ಕೆಟ್ಟದಾಗಿ ಬಿದ್ದವು. "ಏ ಮೇಡಮ್ಮಾ, ಆ ಮಡಿ ನನ್ನದು, ನಿನ್ನ ಸಿಟ್ಟು ಅದರ ಮ್ಯಾಲ ಯಾಕ?" ಎಂದು ಯಜಮಾನಿ ಕೂಗಿದರು. ಸಿಟ್ಟಲ್ಲ, ಭಯ ಎಂದೆ. "ಯಾವುದರ ಭಯಾನೋ! ಹಾವು ಬೆಳಗಿನಿಂದ ಒಂದೂ ಬಂದಿಲ್ಲ" ಅಂದರು. ಅವರಿಗೆ ಹೇಗೆ ಹೇಳುವುದು? ಅಂಗಳದಲ್ಲಿ ಕೂತ ಹುಡುಗಿ ನನ್ನ ಒಂದು ಮಾತಿಗೆ ಕಟ್ಟುಬಿದ್ದು ಕೂತಿದ್ದಳು. ಅವಳ ತಾಯಿ ನನ್ನ ಪಕ್ಕದಲ್ಲೇ ಬಾಗಿ ನನ್ನ ತಪ್ಪುಗಳನ್ನು ಸರಿಮಾಡುತ್ತಿದ್ದರು. ಕೆಟ್ಟ ಸುದ್ದಿ ಬಂದರೆ ಈ ಹೆಂಗಸಿನ ಮುಖವನ್ನು ಹೇಗೆ ನೋಡುವುದು ಎಂಬುದೊಂದೇ ನನ್ನ ತಲೆ ತುಂಬ ಇತ್ತು.

ಹೊತ್ತು ಇಳಿಯುವಾಗ, ಕೊನೆಯ ಮಡಿ ಮುಗಿಯುವ ಮೊದಲು ಫೋನು ಬಂತು. ಈ ಸಲ ನಾನು ಓಡಲಿಲ್ಲ. ಹುಡುಗಿಯ ಅವ್ವ ಹೋಗಿ ತೆಗೆದುಕೊಂಡು, ಕೇಳಿಸಿಕೊಂಡು, ಬದುವಿನ ಮೇಲೆಯೇ ಕೂತುಬಿಟ್ಟರು. "ಬರದ್ಳಂತ," ಎಂದು ಅಲ್ಲಿಂದಲೇ ಕೂಗಿದರು. "ಊಟದ ಹೊತ್ತಿನ್ಯಾಗ ಚಾಲೂ ಆತಂತ. ಪೂರಾ ಬರದ್ಳಂತ ನಮ್ಮ ಹುಡುಗಿ!" ನಾನು ಕೆಸರಿನಲ್ಲಿ ನಿಂತೇ ಅತ್ತೆ. ಯಜಮಾನಿ ಬಂದು ನನ್ನ ಸಾಲುಗಳನ್ನು ಒಮ್ಮೆ ನೋಡಿ, "ಮುಯ್ಯಿ ತೀರಿತು. ಆದ್ರ ಇನ್ನೊಮ್ಮಿ ಬರಬ್ಯಾಡ್ರಿ" ಅಂದರು.

ಅಂಕ ಬರುವವರೆಗಿನ ಎರಡು ವಾರ ನಾನು ಪೋರ್ಟಲನ್ನು ತರಗತಿಯ ನಡುವೆ, ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ತೆರೆದು ನೋಡುತ್ತಲೇ ಇದ್ದೆ. ಅರ್ಜಿಯ ಉಳಿದದ್ದನ್ನೆಲ್ಲ ತುಂಬಿಸಿ ಇಟ್ಟಿದ್ದೆವು, ಅಂಕದ ಜಾಗವೊಂದು ಖಾಲಿ. ಕಡೆಯ ದಿನದ ಹಿಂದಿನ ದಿನ ಅದು ತುಂಬಿತು. ಅವಳ ಮಾದರಿ ಪರೀಕ್ಷೆಗಳ ಎಲ್ಲಕ್ಕಿಂತ ಒಳ್ಳೆಯ ಅಂಕವೇನಲ್ಲ, ಸಾಕಾಗುವಷ್ಟಿತ್ತು. ಕುರುಗೋಡಿನ ಕಂಪ್ಯೂಟರ್ ಕೋಣೆಯಲ್ಲಿ ಅವಳೇ ಸಲ್ಲಿಸುವ ಗುಂಡಿ ಒತ್ತಿದಳು. ನಾನು ಬೇರೆ ಕಡೆ ನೋಡುತ್ತಿದ್ದೆ.

ಬೇಸಿಗೆಯಲ್ಲಿ ಉತ್ತರ ಬಂತು. ಸೀಟು, ಪೂರ್ಣ ವಿದ್ಯಾರ್ಥಿವೇತನ. ನಾನು ಮೊದಲು ಅವಳ ಅವ್ವನಿಗೆ ಫೋನು ಮಾಡಿದೆ. ಸಂತೋಷದಿಂದ ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಕೇಳಿಸ್ತೇನ್ರಿ?" ಎಂದೆ.

"ಕೇಳಿಸ್ತು." ದನಿ ಸಣ್ಣಗಾಗಿತ್ತು. "ಅಲ್ಲಿಗಿ ಹೋಗಾಕ ಎಷ್ಟ್ ದಿನಾ ಬೇಕು? ಅಲ್ಲಿ ಯಾವ ಮಾತು ಆಡ್ತಾರ? ಜ್ವರ ಬಂದ್ರ ಯಾರ್ ನೋಡ್ತಾರ ಆಕಿನ್ನ?" ಅಂದರು. "ಇಷ್ಟ್ ದಿನ ಅಂಜಿಕಿ ಎಲ್ಲಾ ನೀವು ಹೊತ್ಕೊಂಡಿದ್ರಿ, ನಾ ಆರಾಮಿದ್ದೆ. ಈಗ ನನಗ ಕೈಕಾಲು ನಡಗಾಕತ್ತಾವ, ತಂಗಿ."

ಆರು ತಿಂಗಳಿನಿಂದ ಹಿಂದಕ್ಕೆ ಎಣಿಸುತ್ತ ಬಂದ ನನಗೆ ಈ ದಿನ ಬರುತ್ತದೆಂದು ಹೊಳೆದೇ ಇರಲಿಲ್ಲ. "ನಾನೂ ಬರ್ತೀನಿ ಅಕ್ಕಾ, ಇಬ್ರೂ ಕೂಡಿ ಹೋಗಿ ಬಿಟ್ಟು ಬರೂಣು" ಅಂದೆ.

"ಬ್ಯಾಡವ್ವಾ. ನೀ ಬಂದ್ರ ನಮ್ಮಿಬ್ರನ್ನೂ ಆಕೀನ ಸಮಾಧಾನ ಮಾಡಬೇಕಾಗ್ತೈತಿ."

ಅವರು ನಕ್ಕರು, ನಾನೂ ನಕ್ಕೆ. ನಗು ಮುಗಿದ ಮೇಲೆ ಅವರೂ ಫೋನಿಡಲಿಲ್ಲ, ನಾನೂ ಇಡಲಿಲ್ಲ.